ಹಂದಿಯ ಲೆಕ್ಕ, ದುಡಿದವರ ಲೆಕ್ಕ: ಅಮೆರಿಕದ ಒಂದು ಕೌಂಟಿಯ ಕೊರೊನಾ ಪರಿಹಾರ

2020ರ ಏಪ್ರಿಲ್ 20. ಅಮೆರಿಕದ ಮಿನ್ನೆಸೋಟ ರಾಜ್ಯದ ವರ್ದಿಂಗ್ಟನ್ ಪಟ್ಟಣದಲ್ಲಿ ಜೆಬಿಎಸ್ ಕಂಪನಿಯ ಹಂದಿಮಾಂಸದ ಕಾರ್ಖಾನೆ ಬಾಗಿಲು ಹಾಕಿತು. ಕೆಲಸಗಾರರಲ್ಲಿ ಕೊರೊನಾ ಹರಡಿತ್ತು. ದಿನಕ್ಕೆ ಸುಮಾರು 20,000 ಹಂದಿಗಳು ಹೋಗುತ್ತಿದ್ದ ಜಾಗ ಅದು. ವರ್ದಿಂಗ್ಟನ್ ಇರುವುದು ನೋಬಲ್ಸ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿನ ಮತ್ತು ಸುತ್ತಮುತ್ತಲಿನ ಹಂದಿ ಸಾಕುವವರಿಗೆ ದಿಕ್ಕೇ ತೋಚಲಿಲ್ಲ.

ಜೋಳದ ಮೂಟೆಯಾದರೆ ಗೋದಾಮಿನಲ್ಲಿ ಇಡಬಹುದು. ಹಂದಿಯನ್ನು ಹಾಗೆ ಇಡಲಾಗುವುದಿಲ್ಲ ಅಲ್ವಾ? ಅದು ತಿನ್ನುತ್ತದೆ, ಬೆಳೆಯುತ್ತದೆ. ತೂಕ ಜಾಸ್ತಿಯಾದರೆ ಕಾರ್ಖಾನೆಯ ಯಂತ್ರಕ್ಕೆ ಹೊಂದುವುದಿಲ್ಲ. ಹಿಂದೆ ಮರಿಗಳು ಜಾಗಕ್ಕಾಗಿ ಕಾಯುತ್ತಿರುತ್ತವೆ. ಆ ತಿಂಗಳ ಕೊನೆಗೆ ಕಾರ್ಖಾನೆ ಸ್ವಲ್ಪ ತೆರೆಯಿತು. ಆದರೆ ಮಾಂಸಕ್ಕಾಗಿ ಅಲ್ಲ, ಹಂದಿಗಳನ್ನು ಕೊಂದು ವಿಲೇವಾರಿ ಮಾಡಲು. ತಿಂಗಳುಗಟ್ಟಲೆ ಮೇವು ಹಾಕಿ ಸಾಕಿದವರಿಗೆ ಅದು ಎಂಥ ನೋವು!

ಸರ್ಕಾರದ ಹಣ ಮಾತ್ರ ಬೇಗನೇ ಘೋಷಣೆಯಾಯಿತು. ಏಪ್ರಿಲ್ 17ರಂದೇ ಕೃಷಿ ಇಲಾಖೆ 1,900 ಕೋಟಿ ಡಾಲರ್ ನೆರವು ಪ್ರಕಟಿಸಿತ್ತು. ಅದರಲ್ಲಿ 1,600 ಕೋಟಿ ನೇರವಾಗಿ ರೈತರ ಖಾತೆಗೆ. ಮೇ 26ರಿಂದ ಕೌಂಟಿ ಮಟ್ಟದ ಕಚೇರಿಗಳು ಅರ್ಜಿ ತೆಗೆದುಕೊಂಡವು.

ಇಷ್ಟು ಬೇಗ ಆಗಿದ್ದು ಹೇಗೆ? ದಾರಿ ಮೊದಲೇ ಇತ್ತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ ಹುಟ್ಟಿದ ಕಮೋಡಿಟಿ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ರೈತರಿಗೆ ಹಣ ಕೊಡುತ್ತಲೇ ಬಂದಿದೆ. 2018ರಲ್ಲಿ ಚೀನಾ ಜೊತೆ ಸುಂಕದ ಜಗಳ ಶುರುವಾದಾಗ ಅದೇ ಸಂಸ್ಥೆಯ ಹಣದಿಂದ ಪರಿಹಾರ ಹಂಚಿದರು. ಆಗ ಹಂದಿಯೊಂದಕ್ಕೆ 8 ಡಾಲರ್. ಮುಂದಿನ ವರ್ಷ 11. ಕೊರೊನಾದ ಮೊದಲ ಸುತ್ತಿನಲ್ಲಿ, ಕೊಟ್ಟಿಗೆಯಲ್ಲೇ ಉಳಿದ ಹಂದಿಗೆ 17. ಸೆಪ್ಟೆಂಬರಿನ ಎರಡನೇ ಸುತ್ತಿನಲ್ಲಿ 23.

ಸಮಸ್ಯೆ ಇದ್ದದ್ದು ಈ ತಲೆ ಎಣಿಕೆಯಲ್ಲೇ. ಹೆಚ್ಚು ಹಂದಿ ಇದ್ದವರಿಗೆ ಹೆಚ್ಚು ಹಣ. ಒಬ್ಬರಿಗೆ 2.5 ಲಕ್ಷ ಡಾಲರ್ ಮಿತಿ ಇತ್ತು. ಕೆಲವು ಬಗೆಯ ಕಂಪನಿಗಳಿಗೆ 7.5 ಲಕ್ಷದವರೆಗೂ ಅವಕಾಶವಿತ್ತು. ಇನ್ನೊಂದು ಕಡೆ, ಗುತ್ತಿಗೆಗೆ ಸಾಕುವವರು. ಕೊಟ್ಟಿಗೆ ಅವರದು, ಸಾಲ ಅವರದು, ದುಡಿಮೆ ಅವರದು. ಹಂದಿ ಮಾತ್ರ ಬೇರೆಯವರದು. ಪರಿಹಾರ ಹೋದದ್ದು ಹಂದಿಯ ಒಡೆಯರಿಗೆ. ಹೊಸ ಮರಿಗಳು ಬರದೆ ಕೊಟ್ಟಿಗೆ ಖಾಲಿ ಬಿದ್ದರೆ ಗುತ್ತಿಗೆದಾರರಿಗೆ ಆದಾಯವೇ ಇಲ್ಲ. ನನಗೆ ಇದು ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ. ನಷ್ಟ ಎಂದರೆ ಬೆಲೆ ಕುಸಿತ ಮಾತ್ರ ಎಂದು ನಿಯಮ ಬರೆದವರು ಅಂದುಕೊಂಡಿದ್ದರು.

2020ರ ಡಿಸೆಂಬರಿನಲ್ಲಿ ಸಂಸತ್ತು ಗುತ್ತಿಗೆ ಸಾಕಣೆದಾರರಿಗಾಗಿ 100 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಅದು ಜಾರಿಗೆ ಬಂದದ್ದು 2021ರ ಆಗಸ್ಟಿನಲ್ಲಿ. ಮಾರಲಾಗದೆ ಕೊಂದ ಪ್ರಾಣಿಗಳಿಗೆ ಪ್ರತ್ಯೇಕ ಯೋಜನೆ ಬಂದದ್ದೂ ಆ ಜುಲೈನಲ್ಲೇ. ವರ್ದಿಂಗ್ಟನ್ನಿನ ಹಂದಿಗಳು ಸತ್ತು ಆಗಲೇ ಒಂದು ವರ್ಷ ದಾಟಿತ್ತು.

ಕಾಯಿಲೆ ಬಿದ್ದವರು ಕಾರ್ಖಾನೆಯ ಕೆಲಸಗಾರರು. ಹೊಲದ ಕೂಲಿಗಳ ಜೊತೆ ಅವರಿಗೂ ನೆರವು ಕೊಡುವ ಯೋಜನೆಯನ್ನು ಕೃಷಿ ಇಲಾಖೆ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಒಬ್ಬರಿಗೆ 600 ಡಾಲರ್.