ಮೇಜು ಅಲ್ಲಾಡುತ್ತಿದೆ, ಇನ್ನೂ ಬಿಗಿ ಮಾಡಲಾ?

ಪ್ರಶ್ನೆ: ಸರ್, ಎತ್ತರ ಹೆಚ್ಚು ಕಮ್ಮಿ ಮಾಡುವ ಎರಡು ಟ್ರೆಸಲ್ ಕಾಲು, ಮೇಲೊಂದು ಹಲಗೆ ತಂದು ನಾನೇ ಮೇಜು ಜೋಡಿಸಿದೆ. ಎಲ್ಲ ಬೋಲ್ಟನ್ನೂ ಕೈಲಾದಷ್ಟು ಬಿಗಿ ಮಾಡಿದ್ದೇನೆ. ಆದರೂ ಟೈಪ್ ಮಾಡುವಾಗ ಅಲ್ಲಾಡುತ್ತದೆ. ಇನ್ನೂ ಬಿಗಿ ಮಾಡಲಾ?

ಬೇಡ. ದಯವಿಟ್ಟು ಬೇಡ. ಮೊದಲು ಬೋಲ್ಟ್ ತಿರುಗಿಸುವ ಆ ಅಲೆನ್ ಕೀ ಕೆಳಗಿಡಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ಲೆಕ್ಕವಿಲ್ಲ. 2020ರಲ್ಲಿ ಮನೆಮನೆಯಲ್ಲೂ ಆಫೀಸ್ ಶುರುವಾದಾಗಿನಿಂದ ಕೇಳುತ್ತಲೇ ಇದ್ದಾರೆ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ, ತಂದು ನಾವೇ ಜೋಡಿಸಿಕೊಳ್ಳುವ ಮೇಜು ಕುರ್ಚಿ ಮಾರುವ ಐಕಿಯಾ ಅಂಗಡಿ ತೆರೆದ ಮೇಲೆ ಇನ್ನೂ ಜಾಸ್ತಿಯಾಯಿತು. ಕೇಳುವವರ ಊರು ಬೇರೆ, ಮೇಜು ಬೇರೆ. ಪ್ರಶ್ನೆಯ ಕೊನೆಯ ಸಾಲು ಮಾತ್ರ ಒಂದೇ: ಇನ್ನೂ ಬಿಗಿ ಮಾಡಲಾ? ಅದಕ್ಕೇ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಟ್ರೆಸಲ್ ಕಾಲು ನಿಮಗೆ ಹೊಸದೇನಲ್ಲ. ಪೇಂಟಿಂಗ್ ಕೆಲಸದವರು ಎರಡು ಕಡೆ ನಿಲ್ಲಿಸಿ, ನಡುವೆ ಹಲಗೆ ಹಾಕಿ ಹತ್ತುತ್ತಾರಲ್ಲ, ಕಾಲು ಅಗಲಿಸಿ ನಿಂತ ಆ ಸ್ಟ್ಯಾಂಡ್, ಅದೇ. ಮೇಜಿಗೆ ಬರುವುದರಲ್ಲಿ ಒಳಗೊಂದು ಚೌಕಟ್ಟು ಮೇಲೆ ಕೆಳಗೆ ಜಾರುತ್ತದೆ. ಬೇಕಾದ ತೂತಿಗೆ ಗೂಟ ಹಾಕಿ ಎತ್ತರ ನಿಲ್ಲಿಸಬೇಕು.

ಈಗ ಜನರ ತಲೆಯಲ್ಲಿ ಕೂತಿರುವ ಆ ನಂಬಿಕೆಗೆ ಬರೋಣ. "ಎಷ್ಟು ಬಿಗಿಯೋ ಅಷ್ಟು ಗಟ್ಟಿ. ಒಂದೊಂದೇ ಬೋಲ್ಟ್ ತಗೊಂಡು, ಅದನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಬೇಕು." ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸಿದವನು. ಪ್ರತಿ ವರ್ಷ ಹೊಸ ಹುಡುಗರು ಈ ನಂಬಿಕೆಯನ್ನು ಮನೆಯಿಂದಲೇ ಹೊತ್ತು ಬರುತ್ತಿದ್ದರು. ಅದನ್ನು ಬಿಡಿಸಲು ಒಂದು ತಿಂಗಳು ಬೇಕಾಗುತ್ತಿತ್ತು. ಬಿಟ್ಟ ಮೇಲೆ ಅವರ ಕೈಕೆಲಸ ನೋಡಬೇಕಿತ್ತು ನೀವು.

ಯಾಕೆ ತಪ್ಪು? ಬೋಲ್ಟಿಗಿಂತ ತೂತು ಯಾವಾಗಲೂ ದೊಡ್ಡದು. ಇಲ್ಲದಿದ್ದರೆ ಬೋಲ್ಟ್ ಒಳಗೇ ಹೋಗುವುದಿಲ್ಲ. ಈ ಥರದ ಮೇಜುಗಳಲ್ಲಿ ಸಾಮಾನ್ಯವಾಗಿ ಬರುವುದು ಎಂ6 ಬೋಲ್ಟ್, ಅಂದರೆ 6 ಮಿ.ಮೀ. ದಪ್ಪ. ಅದಕ್ಕೆ ಮಾಮೂಲಿ ತೂತಿನ ಅಳತೆ 6.6 ಮಿ.ಮೀ. ನಡುವೆ 0.6 ಮಿ.ಮೀ. ಸಡಿಲ ಇದೆ. ಇಷ್ಟೇ ತಾನೇ ಅನ್ನಿಸುತ್ತದೆ. ಒಂದು ಲೆಕ್ಕ ಹಾಕೋಣ. ಕಾಲಿನ ತಲೆಯಲ್ಲಿ ಎರಡು ಬೋಲ್ಟ್, ಅವುಗಳ ನಡುವೆ 6 ಸೆಂ.ಮೀ. ಅಂತರ. ಕಾಲಿನ ಉದ್ದ 70 ಸೆಂ.ಮೀ. ಮೇಲೆ ಒಂದು ಬೋಲ್ಟ್ ತೂತಿನ ಈ ಅಂಚಿಗೆ, ಇನ್ನೊಂದು ಆ ಅಂಚಿಗೆ ಕೂತರೆ ಕಾಲಿನ ತುದಿ ಎಷ್ಟು ಸರಿಯುತ್ತದೆ ಗೊತ್ತಾ? ಹತ್ತಿರ ಹತ್ತಿರ 7 ಮಿ.ಮೀ.! ಮೇಲೆ ಕಣ್ಣಿಗೇ ಕಾಣದ ಸಡಿಲ, ಕೆಳಗೆ ಪೆನ್ಸಿಲ್ ದಪ್ಪದಷ್ಟು ವ್ಯತ್ಯಾಸ.

ಈಗ ನೀವು ಮೊದಲ ಕಾಲನ್ನು ನೆಲದಲ್ಲಿ ಮಲಗಿಸಿಕೊಂಡು ಪೂರ್ತಿ ಬಿಗಿ ಮಾಡಿದಿರಿ. ಆ ಕ್ಷಣದಲ್ಲಿ ಅದು ಯಾವ ಓರೆಯಲ್ಲಿತ್ತೋ ಅದೇ ಓರೆಯಲ್ಲಿ ಸಿಕ್ಕಿಕೊಂಡಿತು. ಎರಡನೆಯದು ಇನ್ನೊಂದು ಓರೆಯಲ್ಲಿ. ಮೂರನೆಯದು ಹೇಗೋ ಕೂತಿತು. ಎಲ್ಲ ಓರೆಯೂ ಸೇರಿ ನಾಲ್ಕನೆಯದರ ಮೇಲೆ ಬೀಳುತ್ತದೆ. ಕೊನೆಯ ಬೋಲ್ಟ್ ತೂತಿಗೆ ಹೋಗುತ್ತಿಲ್ಲ ಎಂದು ಸುತ್ತಿಗೆ ತಗೊಂಡವರು ಎಷ್ಟು ಜನ! ತೂತು ತಪ್ಪಾಗಿ ಕೊರೆದಿದ್ದಾರೆ ಎಂದು ಬೈಯುವವರು ಇನ್ನೆಷ್ಟೋ. ಬೋಲ್ಟೆಲ್ಲ ಸಡಿಲಿಸಿ ನೋಡಿ, ಹೆಚ್ಚಿನ ಸಲ ಆ ಕೊನೆಯ ಬೋಲ್ಟ್ ಬೆರಳಿನಿಂದಲೇ ಒಳಗೆ ಹೋಗುತ್ತದೆ. ಒತ್ತಾಯದಿಂದ ಎಳೆದು ಕೂರಿಸಿದರೆ ಒಂದು ಕಾಲು ನೆಲ ಮುಟ್ಟದೆ ತೇಲುತ್ತದೆ. ಆಮೇಲೆ ನೀವು ಬೋಲ್ಟನ್ನು ಎಷ್ಟು ತಿರುಗಿಸಿದರೂ ಆ ಓರೆಯನ್ನೇ ಇನ್ನಷ್ಟು ಭದ್ರ ಮಾಡುತ್ತಿರುತ್ತೀರಿ.

ಇನ್ನು "ಎಷ್ಟು ಬಿಗಿಯೋ ಅಷ್ಟು ಗಟ್ಟಿ" ಅನ್ನುವ ಅರ್ಧ. ಕಬ್ಬಿಣಕ್ಕೆ ಕಬ್ಬಿಣ ಸೇರಿಸುವಾಗಲೂ ಅದಕ್ಕೆ ಮಿತಿಯಿದೆ. ಮರದಲ್ಲಿ ಆ ಮಿತಿ ಬೇಗ ಬರುತ್ತದೆ. ಬೋಲ್ಟಿನ ತಲೆ ಮರವನ್ನು ಒತ್ತಿ ಹಿಡಿದಾಗ ಎರಡು ಮುಖಗಳ ನಡುವೆ ಹುಟ್ಟುವ ತಿಕ್ಕಾಟವೇ ಜೋಡಣೆಯನ್ನು ಹಿಡಿದಿಡುವುದು. ಅದು ಬಂದ ಮೇಲೂ ತಿರುಗಿಸಿದರೆ ವಾಷರ್ ಮರದೊಳಗೆ ಇಳಿಯುತ್ತದೆ, ನಾರು ಜಜ್ಜಿಹೋಗುತ್ತದೆ. ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಇದ್ದರಂತೂ ಕೇಳಲೇಬೇಡಿ. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ ಅದು. ಸ್ಕ್ರೂ ಮೊದಲು ಗಟ್ಟಿಯಾಗುತ್ತದೆ, ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಕೈಗೆ ಹಗುರವಾಗುತ್ತದೆ. ಆ ಹಗುರ ಬಂತು ಅಂದರೆ ಒಳಗಿನ ಹಿಡಿತ ಪುಡಿಯಾಯಿತು ಅಂತಲೇ ಅರ್ಥ. ನನ್ನ ತಮ್ಮ ಬ್ಯಾಟರಿ ಡ್ರಿಲ್ ಹಿಡಿದು ಒಂದೇ ಸಂಜೆಯಲ್ಲಿ ಹೀಗೆ ಆರು ತೂತು ಕೆಡಿಸಿದ್ದ. ಡಬ್ಬಿಯಲ್ಲಿ ಬರುವ ಆ ಗಿಡ್ಡ ಅಲೆನ್ ಕೀಯೇ ಸಾಕು. ಹಿಡಿ ಗಿಡ್ಡ ಇರುವುದರಿಂದ ನಿಮ್ಮ ಕೈ ಮಿತಿ ಮೀರುವುದಿಲ್ಲ.

ಪಂಕ್ಚರ್ ಅಂಗಡಿಯಲ್ಲಿ ಕಾರಿನ ಚಕ್ರ ಹಾಕುವುದನ್ನು ನಿಂತು ನೋಡಿದ್ದೀರಾ? ಕೆಲಸ ಬಲ್ಲವನು ಎಲ್ಲ ನಟ್ಟನ್ನೂ ಮೊದಲು ಕೈಯಲ್ಲೇ ಕೂರಿಸುತ್ತಾನೆ. ಆಮೇಲೆ ಪಾನಾ ಹಿಡಿದು ಒಂದು ನಟ್ಟು, ಅದರ ಎದುರಿನದು, ಹೀಗೆ ದಾಟಿ ದಾಟಿ ಸ್ವಲ್ಪ ಬಿಗಿ ಮಾಡುತ್ತಾನೆ. ಜಾಕ್ ಇಳಿಸಿ ಚಕ್ರ ನೆಲಕ್ಕೆ ಕೂತ ಮೇಲೆ ಕೊನೆಯ ಬಿಗಿ. ನಿಮ್ಮ ಮೇಜಿಗೂ ಇದೇ ಕ್ರಮ. ಗಂಟೆಗೆ 100 ಕಿ.ಮೀ. ಓಡುವ ಚಕ್ರಕ್ಕೆ ಸಾಕಾಗುವ ಕ್ರಮ, ಲ್ಯಾಪ್‌ಟಾಪ್ ಹೊರುವ ಮೇಜಿಗೆ ಸಾಕಾಗುವುದಿಲ್ಲವೇ?

ಹಾಗಾಗಿ ಈಗ ಹೀಗೆ ಮಾಡಿ. ಹಲಗೆ ಕೆಳಗಿಳಿಸಿ. ಟ್ರೆಸಲ್‌ಗಳ ಎಲ್ಲ ಬೋಲ್ಟನ್ನೂ ಸಡಿಲಿಸಿ, ಬಿಚ್ಚಬೇಡಿ, ಬೆರಳಿನ ಬಿಗಿಗೆ ತನ್ನಿ. ಟ್ರೆಸಲನ್ನು ಮೇಜು ಇರಬೇಕಾದ ಜಾಗದಲ್ಲೇ ನಿಲ್ಲಿಸಿ. ಎರಡು ಕೈಯಿಂದ ಮೇಲಿನಿಂದ ಒತ್ತಿ, ಮೆಲ್ಲಗೆ ಆ ಕಡೆ ಈ ಕಡೆ ಅಲುಗಿಸಿ. ನಾಲ್ಕು ಕಾಲೂ ತಮ್ಮ ಪಾಡಿಗೆ ನೆಲ ಹುಡುಕಿಕೊಂಡು ಕೂರುತ್ತವೆ. ಅದು ಕೈಗೇ ಗೊತ್ತಾಗುತ್ತದೆ. ಆಮೇಲೆ ಒಂದು ದಾರ ತಗೊಂಡು ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಹಿಡಿದು ನೋಡಿ. ಎರಡೂ ಕರ್ಣ ಒಂದೇ ಉದ್ದ ಬಂದರೆ ಚೌಕಟ್ಟು ನೇರವಾಗಿದೆ. ಒಂದು ಕೈಯಿಂದ ಒತ್ತಿ ಹಿಡಿದೇ ಎದುರೆದುರು ಮೂಲೆಗಳ ಬೋಲ್ಟನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ ಹೋಗಿ. ಎತ್ತರದ ಗೂಟಗಳನ್ನು ಕೆಳಗಿನಿಂದ ಎಣಿಸಿ ಎರಡೂ ಕಡೆ ಒಂದೇ ತೂತಿಗೆ ಹಾಕಿ. ಕಣ್ಣಳತೆಯಲ್ಲಿ ಹಾಕಿ ಒಂದು ತೂತು ತಪ್ಪಿದವರು ಬೇಕಾದಷ್ಟು ಜನ ಇದ್ದಾರೆ.

ಇಷ್ಟಾದರೂ ಅಲ್ಲಾಡಿದರೆ? ನ್ಯೂಸ್ ಪೇಪರಿನ ಒಂದು ಪಟ್ಟಿ ಹರಿದು ಒಂದೊಂದೇ ಕಾಲಿನ ಕೆಳಗೆ ತೂರಿಸಿ. ಸಲೀಸಾಗಿ ತೂರುವ ಕಾಲೇ ತೇಲುತ್ತಿರುವ ಕಾಲು. ಈಗ ಟ್ರೆಸಲನ್ನು ಮನೆಯ ಬೇರೆ ಒಂದೆರಡು ಜಾಗದಲ್ಲಿ ಇಟ್ಟು ನೋಡಿ. ಮತ್ತೆ ಪೇಪರ್ ತೂರಿಸಿ. ಅಲ್ಲಿ ಯಾವ ಕಾಲೂ ತೇಲದಿದ್ದರೆ ಮೊದಲಿನ ಜಾಗದ ನೆಲದಲ್ಲೇ ತಗ್ಗು ಇದೆ. ಎಲ್ಲಿಟ್ಟರೂ ಹಾಗೇ ತೇಲಿದರೆ ಟ್ರೆಸಲಿನದೇ ಓರೆ. ನಮ್ಮ ಮನೆಗಳ ಬಾಲ್ಕನಿ, ಹಜಾರಗಳಲ್ಲಿ ನೀರು ಹರಿಯಲೆಂದೇ ಇಳಿಜಾರು ಬಿಟ್ಟಿರುತ್ತಾರೆ. ನೆಲದ್ದೇ ತಪ್ಪಾದರೆ ಆ ಕಾಲಿನ ಕೆಳಗೆ ಒಂದು ತೆಳು ರಬ್ಬರ್ ತುಂಡು ಸಾಕು.

ಒಲೆಗೆ ಮೂರೇ ಕಲ್ಲು ಹೂಡುವುದನ್ನು ಇಲ್ಲಿ ನೆನೆಯಬೇಕು. ಮೂರು ತುದಿಗಳು ಎಂಥ ಅಂಕುಡೊಂಕು ನೆಲದಲ್ಲೂ ಪಾತ್ರೆಯನ್ನು ಕುಲುಕದೆ ಹೊರುತ್ತವೆ. ನಾಲ್ಕನೆಯದು ಬಂದಾಗಲೇ ತೇಲುವ ಕಷ್ಟ ಶುರು. ನಿಮ್ಮ ಎರಡು ಟ್ರೆಸಲಿಗೆ ಒಟ್ಟು ಎಂಟು ಕಾಲಿವೆ. ಅದಕ್ಕೇ ಹಲಗೆ ಇಡುವ ಮೊದಲು ಒಂದೊಂದು ಟ್ರೆಸಲನ್ನೂ ಬೇರೆ ಬೇರೆಯಾಗಿ ಕೂರಿಸಿ ಎಂದು ನಾನು ಹಟ ಹಿಡಿಯುವುದು.

ಕೆಲವು ಸಲ ಕಾಲು ಕಲ್ಲಿನ ಹಾಗೆ ನಿಂತಿರುತ್ತದೆ, ಕುಣಿಯುವುದು ಹಲಗೆ. ಟೈಪ್ ಮಾಡುವಾಗ ಮಾನಿಟರ್ ಮೇಲೆ ಕೆಳಗೆ ನಡುಗಿದರೆ ಇದೇ ಕಾರಣ. ಎರಡು ಟ್ರೆಸಲನ್ನೂ ಹಲಗೆಯ ತುತ್ತತುದಿಗೆ ಇಟ್ಟಿರುತ್ತೀರಿ. ಅಷ್ಟೇ ಭಾರಕ್ಕೆ, ಆಧಾರಗಳ ಅಂತರ ಎರಡು ಪಟ್ಟಾದರೆ ಹಲಗೆ ಎಂಟು ಪಟ್ಟು ಬಾಗುತ್ತದೆ. ತುದಿಯಿಂದ ಉದ್ದದ ಐದನೇ ಒಂದು ಭಾಗದಷ್ಟು ಒಳಗೆ ತನ್ನಿ. 150 ಸೆಂ.ಮೀ. ಹಲಗೆಗೆ 30 ಸೆಂ.ಮೀ. ಒಳಗೆ. ನಡುವೆ 90 ಉಳಿಯುತ್ತದೆ, ಕಾಲು ಚಾಚಲು ಅಷ್ಟು ಸಾಕು. ಆಮೇಲೆ ಹೊರಚಾಚಿದ ತುದಿಯ ಮೇಲೆ ಯಾರೂ ಕೂರಬಾರದು, ಹಲಗೆ ಮಗುಚುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಮಳೆಗಾಲದಲ್ಲಿ ಜೋಡಿಸಿದ ಮರದ ಟ್ರೆಸಲ್ ಬೇಸಿಗೆಯಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ. ಮರ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಮ್ಮೆ ಇದೇ ಕ್ರಮದಲ್ಲಿ ಬಿಗಿ ಮಾಡಿದರೆ ಆಯಿತು.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಗೂಟವನ್ನು ಯಾವ ತೂತಿಗೆ ಹಾಕಬೇಕು? ಎತ್ತರ ಬದಲಿಸಬಹುದು ಎಂದು ದುಡ್ಡು ಕೊಟ್ಟು ತರುತ್ತಾರೆ, ಆಮೇಲೆ ಸುಮ್ನೆ ನಡುವಿನ ತೂತಿಗೆ ಹಾಕಿ ಬಿಡುತ್ತಾರೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಾದ ಪೂರ್ತಿ ನೆಲಕ್ಕೆ ಊರಿ, ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಮನೆಯವರಿಂದ ಟೇಪ್ ಹಿಡಿಸಿ. ಅದೇ ನಿಮ್ಮ ಮೇಜಿನ ಮೇಲ್ಮೈ ಇರಬೇಕಾದ ಎತ್ತರ. ಅದರಲ್ಲಿ ಹಲಗೆಯ ದಪ್ಪ ಕಳೆದರೆ ಟ್ರೆಸಲಿನ ಎತ್ತರ ಸಿಗುತ್ತದೆ.

ಮೊನ್ನೆ ನನ್ನ ಅಕ್ಕನ ಮಗಳಿಗೆ ಹೀಗೆ ಅಳೆದೆವು. ಅವಳು 5 ಅಡಿ 2 ಇಂಚು. ಮೊಣಕೈ ಬಂದದ್ದು 64 ಸೆಂ.ಮೀ.ಗೆ. ಅವಳ ಟ್ರೆಸಲ್ 71ರಿಂದ 93 ಸೆಂ.ಮೀ.ವರೆಗೆ ಏರುವಂಥದ್ದು. ತೀರಾ ಕೆಳಗಿನ ತೂತಿಗೆ ಹಾಕಿ, 3 ಸೆಂ.ಮೀ. ಹಲಗೆ ಇಟ್ಟರೂ ಮೇಲ್ಮೈ 74. ಹತ್ತು ಸೆಂ.ಮೀ. ಹೆಚ್ಚು! "ಮಾಮ, ಸಂಜೆ ಹೊತ್ತಿಗೆ ಭುಜ ಯಾಕೆ ನೋಯುತ್ತೆ ಅಂತ ಈಗ ಗೊತ್ತಾಯ್ತು" ಅಂದಳು. ದಿನವಿಡೀ ಭುಜ ಎತ್ತಿಕೊಂಡೇ ಟೈಪ್ ಮಾಡುತ್ತಿದ್ದಳು, ಪಾಪ. ಕುರ್ಚಿಯನ್ನು 10 ಸೆಂ.ಮೀ. ಏರಿಸಿ, ಕಾಲ ಕೆಳಗೆ ಅಷ್ಟೇ ಎತ್ತರದ ಒಂದು ಮರದ ಪೀಠ ಮಾಡಿಕೊಟ್ಟೆ.

ಮೇಲಿನ ತೂತಿಗೆ ಹಾಕಿದರೆ ನಿಂತು ಕೆಲಸ ಮಾಡಬಹುದಲ್ವಾ ಎಂದು ಅವಳೇ ಕೇಳಿದಳು. 93ಕ್ಕೆ ಹಲಗೆ ಸೇರಿ 96. ನಿಂತಾಗ ಅವಳ ಮೊಣಕೈ 98ಕ್ಕೆ ಬರುತ್ತದೆ. ಅವಳಿಗೆ ಸರಿಹೋಗುತ್ತದೆ. 5 ಅಡಿ 8 ಇಂಚಿನ ಅವಳ ಗಂಡನಿಗೆ 108 ಬೇಕು, ಅವನು ಅದರ ಮುಂದೆ ಬಗ್ಗಿಯೇ ನಿಲ್ಲಬೇಕಾಗುತ್ತದೆ. ಅವನಿಗೆ ಬೇರೆ ಮೇಜು ನೋಡಿ ಎಂದು ಹೇಳಿ ಬಂದೆ.