ಮಾತಾಡದ ದುರ್ಯೋಧನ: ವಿಲನ್ ಆಟಗಳು ನಡೆದು ಬಂದ ದಾರಿ

ಹಾಸನ ಸೀಮೆಯ ಹಳ್ಳಿಗಳಲ್ಲಿ ಊರವರೇ ಸೇರಿ ಕುರುಕ್ಷೇತ್ರ ನಾಟಕ ಕಲಿಯಲು ಕೂತರೆ ಮೊದಲ ಪೈಪೋಟಿ ಹುಟ್ಟುವುದು ದುರ್ಯೋಧನನ ಪಾತ್ರಕ್ಕೆ. ಯಾವ ಪಾರ್ಟು ಆಡುವವರು ಎಷ್ಟು ದುಡ್ಡು ಕಟ್ಟಬೇಕು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ನಮ್ಮೂರಲ್ಲಿ ದುರ್ಯೋಧನನಿಗೆ ಕಟ್ಟುವ ದುಡ್ಡಿನಲ್ಲಿ ನಕುಲ, ಸಹದೇವ ಇಬ್ಬರ ಪಾರ್ಟೂ ಬಂದು ಇನ್ನೂ ಮಿಗುತ್ತಿತ್ತು. ಹಳೇಬೀಡು ಹತ್ತಿರದ ಆ ಊರಲ್ಲಿ ನನ್ನ ಚಿಕ್ಕಪ್ಪ ಎರಡು ಸಲ ದುರ್ಯೋಧನ ಆದವರು. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ರಾತ್ರಿ ಕೂತು ಕಂದಪದ್ಯ, ಮಾತು ಎಲ್ಲ ಬಾಯಿಪಾಠ ಮಾಡಿ, ಗದೆ ಹೆಗಲಿಗಿಟ್ಟುಕೊಂಡು ರಂಗಕ್ಕೆ ಬಂದರೆ ಜನ ಒನ್ಸ್ ಮೋರ್ ಕೂಗುತ್ತಿದ್ದರು.

2010ರ ಮೇ ತಿಂಗಳಲ್ಲಿ ಅವರು ಬಿತ್ತನೆ ಆಲೂಗಡ್ಡೆ ತರಲು ಹಾಸನದ ಎಪಿಎಂಸಿಗೆ ಬಂದವರು, ರಾತ್ರಿ ಸಾಲಗಾಮೆ ರಸ್ತೆಯ ನನ್ನ ರೂಮಿನಲ್ಲಿ ಉಳಿದುಕೊಂಡರು. ನಾನು ಆಗ ಕಾಲೇಜು ಹುಡುಗ. ಕಂಪ್ಯೂಟರಿನಲ್ಲಿ 'ಓವರ್‌ಲಾರ್ಡ್ 2' ಆಡುತ್ತಿದ್ದೆ. ಕಬ್ಬಿಣದ ಶಿರಸ್ತ್ರಾಣದೊಳಗೆ ಕಣ್ಣು ಮಾತ್ರ ಹೊಳೆಯುವ ಒಬ್ಬ ದುಷ್ಟ ದೊರೆ, ಅವನ ಸುತ್ತ ಕಿರುಚುತ್ತ ಕುಣಿಯುವ ಕುಳ್ಳ ಪಿಶಾಚಿಗಳ ದಂಡು. ಚಿಕ್ಕಪ್ಪ ಅರ್ಧ ಗಂಟೆ ಮಂಚದ ಮೇಲೆ ಕೂತು ನೋಡಿದರು. ಆಮೇಲೆ ಕೇಳಿದರು:

"ಲೋ ಮಗ, ಇವ್ನು ಯಾಕ್ಲಾ ಬಾಯೇ ಬಿಡಲ್ಲ? ಪಕ್ಕದಲ್ಲಿರೋ ಮುದ್ಕನೇ ಎಲ್ಲಾ ಮಾತಾಡ್ತಾವ್ನೆ."

"ಆಟ ಇರೋದೇ ಹಂಗೆ ಚಿಕ್ಕಪ್ಪ."

"ಮಾತೇ ಇಲ್ದಿದ್ಮೇಲೆ ಅವನೆಂಥ ಖಳ ಕಣ್ಲಾ!"

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ವಿಲನ್ ಆಗಿ ಆಡುವ ಹಾಸ್ಯದ ಆಟಗಳು ಎಲ್ಲಿಂದ ಬಂದವು, ಎಲ್ಲಿ ಗೆದ್ದವು, ಎಲ್ಲಿ ಮುಗ್ಗರಿಸಿದವು ಎಂದು ನೋಡುತ್ತ ಹೋದಾಗಲೆಲ್ಲ ಈ ಪ್ರಶ್ನೆಯೇ ಎದುರಾಗುತ್ತದೆ. ಖಳನ ಪರವಾಗಿ ಮಾತಾಡುವವರು ಯಾರು?

ಶುರುವಾದದ್ದು 1997ರಲ್ಲಿ ಎನ್ನಬಹುದು. ಇಂಗ್ಲೆಂಡಿನ ಗಿಲ್‌ಫರ್ಡ್‌ನಲ್ಲಿದ್ದ ಬುಲ್‌ಫ್ರಾಗ್ ಎಂಬ ಸಂಸ್ಥೆ ಪೀಟರ್ ಮಾಲಿನ್ಯೂ ನೇತೃತ್ವದಲ್ಲಿ 'ಡಂಜನ್ ಕೀಪರ್' ತಂದಿತು. ಅಲ್ಲಿಯವರೆಗೆ ನೂರಾರು ಆಟಗಳಲ್ಲಿ ಆಡುವವನ ಕೆಲಸ ಒಂದೇ ಇತ್ತು. ಕತ್ತಿ ಹಿಡಿದು ಪಾತಾಳದ ಗುಹೆಗೆ ಇಳಿ, ರಾಕ್ಷಸರನ್ನು ಕೊಲ್ಲು, ಕೊಪ್ಪರಿಗೆ ದೋಚಿಕೊಂಡು ಮೇಲೆ ಬಾ. ಡಂಜನ್ ಕೀಪರ್ ಆಡುವವನನ್ನು ಆ ಗುಹೆಯ ಯಜಮಾನನ ಜಾಗದಲ್ಲಿ ಕೂರಿಸಿತು. ಈಗ ವೀರರೇ ಕಳ್ಳರು. ನಮ್ಮ ಗುಹೆಗೆ ನುಗ್ಗಿ, ನಮ್ಮ ಚಿನ್ನ ಹೊತ್ತೊಯ್ಯಲು ಬರುವವರು.

ಆ ಆಟದ ನಗು ಹುಟ್ಟುವುದು ಕ್ರೌರ್ಯದಿಂದಲ್ಲ, ಮನೆವಾರ್ತೆಯಿಂದ. ಪಿಶಾಚಿಗಳಿಗೆ ತಿನ್ನಲು ಕೋಳಿ ಸಾಕಬೇಕು. ಮಲಗಲು ಜಾಗ ತೋಡಿಕೊಡಬೇಕು. ಸಂಬಳದ ದಿನ ಬಂದರೆ ಎಲ್ಲವೂ ಖಜಾನೆಯ ಕಡೆ ಓಡುತ್ತವೆ, ಚಿನ್ನ ಸಾಲದಿದ್ದರೆ ಮುನಿಸಿಕೊಂಡು ಬಿಟ್ಟು ಹೋಗುತ್ತವೆ. ಒಂದಕ್ಕೊಂದು ಆಗದ ಎರಡು ಜಾತಿಯನ್ನು ಅಕ್ಕಪಕ್ಕ ಇಟ್ಟರೆ ಹೊಡೆದಾಟ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿ ಕೆಲಸ ಮಾಡಿದ ಯಾರಿಗಾದರೂ ಈ ಆಟ ತೋರಿಸಿದರೆ ತಕ್ಷಣ ಗುರುತು ಹಿಡಿಯುತ್ತಾರೆ: ಲೈನ್ ಮನೆ, ಬಟವಾಡೆ, ರಾಜಿ ಪಂಚಾಯ್ತಿ. ಎಲ್ಲಕ್ಕಿಂತ ಹೆಚ್ಚು ಗಲಾಟೆ ಕೋಡುಳ್ಳ, ಕುಡುಗೋಲು ಹಿಡಿದ ಒಂದು ಪಿಶಾಚಿಯದು. ಸಿಟ್ಟು ಬಂದರೆ ಅದು ತನ್ನವರನ್ನೇ ಕೊಚ್ಚಿಹಾಕುತ್ತದೆ.

ಆ ಯಜಮಾನನಿಗೆ ಮುಖವಿಲ್ಲ. ತೆರೆಯ ಮೇಲೆ ಕಾಣುವುದು ಒಂದು ಕೈ ಮಾತ್ರ. ಆ ಕೈ ಪಿಶಾಚಿಗಳನ್ನು ಎತ್ತಿ ಬೇರೆ ಕಡೆ ಹಾಕುತ್ತದೆ, ಸೋಮಾರಿಗಳ ಬೆನ್ನಿಗೆ ಬಾರಿಸುತ್ತದೆ. ಮಾತು ಬೇರೆ ಯಾರದೋ. ರಿಚರ್ಡ್ ರೈಡಿಂಗ್ಸ್ ಎಂಬ ನಟನ ಗಡಸು ದನಿ ಪಕ್ಕದಲ್ಲಿ ನಿಂತು ಸಲಹೆ ಕೊಡುತ್ತಿರುತ್ತದೆ. ಖಳ ಮೂಕ, ಬಾಯಿ ಇರುವುದು ಮಂತ್ರಿಗೆ. ಇಡೀ ಪರಂಪರೆಯೇ ಮುಂದೆ ಹಿಡಿದ ದಾರಿ ಇದು.

ಖಳನ ಕಡೆಯಿಂದ ನೋಡುವುದು ನಮಗೆ ಹೊಸದೇನಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ರಾವಣ ಕೈಲಾಸ ಎತ್ತುವ ಶಿಲ್ಪವಿದೆ. ಶಿವ ಪಾರ್ವತಿಯರು ಮೇಲೆ ಕೂತಿದ್ದಾರೆ, ನಡುವೆ ಬೆಟ್ಟದ ತುಂಬ ಪ್ರಾಣಿಗಳೂ ಗಣಗಳೂ. ಆದರೆ ನೋಡುವವರ ಕಣ್ಣು ನಿಲ್ಲುವುದು ತಳದಲ್ಲಿ, ಬೆಟ್ಟದ ಭಾರವನ್ನೆಲ್ಲ ಅಷ್ಟೂ ಕೈಗಳಲ್ಲಿ ಹೊತ್ತವನ ಮೇಲೆ. ಚಿಕ್ಕವನಿದ್ದಾಗ ನನಗೆ ಆ ಗುಡಿಯಲ್ಲಿ ನೆನಪಿದ್ದ ಶಿಲ್ಪ ಅದೊಂದೇ.

1999ರಲ್ಲಿ 'ಡಂಜನ್ ಕೀಪರ್ 2' ಬಂತು. ಅಷ್ಟರಲ್ಲಿ ಮಾಲಿನ್ಯೂ ಬುಲ್‌ಫ್ರಾಗ್ ಬಿಟ್ಟು ಹೋಗಿದ್ದರು. ಮೂರನೆಯ ಭಾಗದ ಕೆಲಸ ನಡುವೆಯೇ ನಿಂತಿತು. 2003ರಲ್ಲಿ ಜಪಾನಿನಿಂದ ಬಂದ 'ಡಿಸ್‌ಗಾಯಾ' ಬೇರೆ ದಾರಿ ಹಿಡಿಯಿತು. ಅದರಲ್ಲಿ ಪಾತಾಳದ ರಾಜಕುಮಾರ ನಿದ್ದೆಯಿಂದ ಎದ್ದಾಗ ಅಪ್ಪ ಸತ್ತು ಎರಡು ವರ್ಷವಾಗಿರುತ್ತದೆ, ಸಿಂಹಾಸನಕ್ಕೆ ಎಲ್ಲರೂ ಕಣ್ಣು ಹಾಕಿರುತ್ತಾರೆ. ಇವನು ಬಾಯಿಬಡುಕ. ಮಾತಾಡಿ ಮಾತಾಡಿಯೇ ನಮಗೆ ಹತ್ತಿರವಾಗುತ್ತಾನೆ, ಕೊನೆಕೊನೆಗೆ ಖಳನಾಗಿ ಉಳಿಯುವುದೇ ಇಲ್ಲ. ಮಾರನೇ ವರ್ಷ ಬ್ರಿಟನ್ನಿನ ಎಲಿಕ್ಸರ್ ಸ್ಟುಡಿಯೋಸ್ 'ಈವಿಲ್ ಜೀನಿಯಸ್' ಮಾಡಿತು. ದ್ವೀಪದಡಿ ಅಡ್ಡೆ ಕಟ್ಟಿ ಜಗತ್ತನ್ನೇ ಗೆಲ್ಲಲು ಹೊರಟವನ ಆಟ ಅದು. ಎಲಿಕ್ಸರ್ ಕಟ್ಟಿದ ಡೆಮಿಸ್ ಹಸಾಬಿಸ್ ಹುಡುಗನಾಗಿದ್ದಾಗ ಬುಲ್‌ಫ್ರಾಗ್‌ನಲ್ಲಿ ಮಾಲಿನ್ಯೂ ಜೊತೆ ಕೆಲಸ ಮಾಡಿದವರು. ಮುಂದೆ ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆಯ ಸಂಸ್ಥೆ ಸ್ಥಾಪಿಸಿ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರೂ ಅವರೇ.

ಚಿಕ್ಕಪ್ಪ ನೋಡಿದ ಆಟದ ಮೊದಲ ಭಾಗ ಬಂದದ್ದು 2007ರಲ್ಲಿ. ಮಾಡಿದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದ ಟ್ರಯಂಫ್ ಸ್ಟುಡಿಯೋಸ್, ಹೊರತಂದದ್ದು ಕೋಡ್‌ಮಾಸ್ಟರ್ಸ್, ಕಥೆ ಮಾತು ಬರೆದದ್ದು ರಿಯಾನಾ ಪ್ರ್ಯಾಚೆಟ್. ಡಂಜನ್ ಕೀಪರ್‌ನಲ್ಲಿ ಪಾತಾಳದಲ್ಲೇ ಕೂತಿದ್ದ ಯಜಮಾನ ಇಲ್ಲಿ ಎದ್ದು ಹೊರಗೆ ನಡೆಯುತ್ತಾನೆ. ಜೊತೆಗೆ ನಾಲ್ಕು ಬಣ್ಣದ, ಕುಳ್ಳ ಪಿಶಾಚಿಗಳಾದ ಮಿನಿಯನ್‌ಗಳು. ಕಂದು ಬಣ್ಣದವು ನುಗ್ಗಿ ಹೊಡೆಯುತ್ತವೆ, ಕೆಂಪಿನವು ಬೆಂಕಿ ಎಸೆಯುತ್ತವೆ, ಹಸಿರಿನವು ಹಿಂದಿನಿಂದ ಬೆನ್ನಿಗೇರಿ ಇರಿಯುತ್ತವೆ, ನೀಲಿಯವು ಈಜುತ್ತವೆ, ಸತ್ತವರನ್ನು ಎಬ್ಬಿಸುತ್ತವೆ. ದೊರೆ ಕೈ ಮಾಡಿದರೆ ಮನೆಯೊಳಗೆ ನುಗ್ಗಿ ಸಿಕ್ಕಿದ್ದೆಲ್ಲ ಹೊತ್ತು ತರುತ್ತವೆ. ಕುಂಬಳಕಾಯಿ ಸಿಕ್ಕಿದರೆ ಅದನ್ನೇ ಟೋಪಿ ಮಾಡಿಕೊಳ್ಳುತ್ತವೆ.

ನನಗೆ ಆಗ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ. ಅವು ನಮ್ಮ ಮೂಡಲಪಾಯ ಬಯಲಾಟದ ಕೋಡಂಗಿಗಳು. ರಾಕ್ಷಸ ವೇಷ ಎಷ್ಟು ಗಂಭೀರವೋ ಪಕ್ಕದ ಕೋಡಂಗಿ ಅಷ್ಟು ಹಗುರ. ಒಂದಕ್ಕೊಂದು ಇದ್ದರೇ ಎರಡಕ್ಕೂ ಕಳೆ. ದೊರೆ ಬಾಯಿಬಿಟ್ಟು ತಾನೇ ನಗೆಮಾತು ಆಡಿದ್ದರೆ ಅವನ ಮೇಲಿನ ಭಯ ಹೋಗುತ್ತಿತ್ತು. ನಗಿಸುವ ಹೊಣೆ ಮಿನಿಯನ್‌ಗಳದು, ಮಾತಿನ ಹೊಣೆ ನಾರ್ಲ್ ಎಂಬ ಮುದಿ ಮಂತ್ರಿಯದು. ಚಿಕ್ಕಪ್ಪ ಹೇಳಿದ 'ಮುದ್ಕ' ಅವನೇ.

ಮೊದಲ ಭಾಗದ ತೊಡಕು ಬೇರೆ ಇತ್ತು. ಖಳನ ಆಟ ಎಂದು ಹೇಳಿಕೊಂಡರೂ ಅದು ಒಳ್ಳೆಯವನಾಗುವ ಕಿಂಡಿ ಬಿಟ್ಟಿತ್ತು. ಹಸಿದ ರೈತರಿಂದ ಕದ್ದ ದವಸವನ್ನು ನಾವು ಗೆದ್ದುಕೊಂಡ ಮೇಲೆ ಅವರಿಗೇ ವಾಪಸ್ ಕೊಡಬಹುದು, ಇಲ್ಲವೇ ನಾವೇ ಇಟ್ಟುಕೊಳ್ಳಬಹುದು. ಎದುರಾಳಿಗಳಾದ ಏಳು ವೀರರು ಮೊದಲೇ ಕೆಟ್ಟು ಹೋಗಿರುತ್ತಾರೆ. ಅವರಲ್ಲಿ ಒಬ್ಬ ಹೊಟ್ಟೆಬಾಕ, ಇನ್ನೊಬ್ಬ ದುರಾಸೆಯವನು. ಹಾಗಾಗಿ ಅವರನ್ನು ಹೊಡೆದರೆ ಊರಿಗೆ ಉಪಕಾರವೇ ಆಗುತ್ತದೆ. ತಲೆಕೆಳಗು ಮಾಡುವುದೇ ಮೊದಲ ಸಲ ನಗು. ಅದನ್ನೇ ಎರಡನೇ ಸಲ ಮಾಡಿದರೆ ನಗು ಬರುವುದಿಲ್ಲ. ಈ ಜಾತಿಯ ಎಲ್ಲ ಎರಡನೇ ಭಾಗಗಳಿಗೂ ಇರುವ ಕಷ್ಟ ಇದೇ.

2009ರ ಜೂನ್‌ನಲ್ಲಿ ಬಂದ 'ಓವರ್‌ಲಾರ್ಡ್ 2' ಈ ಕಷ್ಟಕ್ಕೆ ಮೂರು ಉತ್ತರ ಕೊಟ್ಟಿತು. ಮೂರನ್ನೂ ಗಮನವಿಟ್ಟು ನೋಡಬೇಕು, ಯಾಕೆಂದರೆ ನನ್ನ ಪ್ರಕಾರ ಈ ಪರಂಪರೆ ತಲುಪಿದ ಎತ್ತರವೂ ತಪ್ಪಿದ ಹೆಜ್ಜೆಯೂ ಇಲ್ಲೇ ಇವೆ.

ಒಳ್ಳೆಯವನಾಗುವ ಕಿಂಡಿಯನ್ನು ಮೊದಲು ಮುಚ್ಚಿತು. ಊರು ಸಿಕ್ಕಿದರೆ ಎರಡೇ ದಾರಿ: ಜನರನ್ನು ಆಳಾಗಿ ದುಡಿಸಿಕೊಳ್ಳುವುದು, ಇಲ್ಲವೇ ನಾಶ ಮಾಡುವುದು. ಒಳ್ಳೆಯದು ಕೆಟ್ಟದ್ದರ ನಡುವೆ ಆಯ್ಕೆಯಿಲ್ಲ, ಎರಡು ಬಗೆಯ ಕೆಟ್ಟತನದ ನಡುವೆ ಆಯ್ಕೆ. ಸುಡುವುದಕ್ಕಿಂತ ಆಳುವುದು ಲಾಭ ಎಂದು ಲೆಕ್ಕ ಹಾಕುತ್ತ ಕೂತಾಗ ಆಡುವವನಿಗೆ ತನ್ನ ಮನಸ್ಸಿನ ಒಂದು ಮೂಲೆ ಕಾಣಿಸುತ್ತದೆ. ನನಗಂತೂ ಕಾಣಿಸಿತು.

ಎರಡನೆಯದು ನಗುವಿನ ಗುರಿ. ಖಳನ ಮೇಲಿದ್ದ ನಗುವನ್ನು ಆಟ ಸಜ್ಜನರ ಮೇಲೆ ತಿರುಗಿಸಿತು. ರೋಮನ್ನರ ಅಣಕದಂತಿರುವ ಒಂದು ಸಾಮ್ರಾಜ್ಯ ಮಾಯೆ ಬಲ್ಲವರನ್ನೆಲ್ಲ ಬೇಟೆಯಾಡುತ್ತಿರುತ್ತದೆ. ಇನ್ನೊಂದು ಕಡೆ ಮುದ್ದು ಪ್ರಾಣಿಗಳ ರಕ್ಷಣೆಯ ಘೋಷಣೆ ಕೂಗುವ, ಕಾಡಿನ ಯಕ್ಷರಂಥ ಎಲ್ಫ್‌ಗಳು, ಅವರಿಗೊಬ್ಬ ಮೆತ್ತನೆ ಮಾತಿನ ನಾಯಕ. ಕೊನೆಯಲ್ಲಿ ಆ ಚಕ್ರವರ್ತಿಯೂ ಈ ನಾಯಕನೂ ಒಬ್ಬನೇ ಎಂದು ಗೊತ್ತಾಗುತ್ತದೆ. ತನಗೆ ಮಾಯೆ ಒಲಿಯಲಿಲ್ಲ ಎಂಬ ಹೊಟ್ಟೆಕಿಚ್ಚಿನಲ್ಲಿ ಊರವರ ಮಾಯೆಯನ್ನೆಲ್ಲ ಕಿತ್ತು ಕೂಡಿಟ್ಟವನು. ಹದಿನೈದು ವರ್ಷದ ಮೇಲಾದ ಆಟ, ಗುಟ್ಟು ಹೇಳಿದರೆ ತಪ್ಪಿಲ್ಲ ಅಂದುಕೊಳ್ಳುತ್ತೇನೆ. ಆದರೆ ಇದರಿಂದ ಮತ್ತೆ ಹಳೆಯ ಸುಳಿಗೇ ಬಿದ್ದ ಹಾಗಾಯಿತು. ಎದುರಾಳಿ ಇಷ್ಟು ನೀಚನಾದರೆ ನಾವು ಖಳರಾಗುವುದು ಹೇಗೆ?

ಮೂರನೆಯದು ಬಾಲ್ಯ. ಆಟ ಶುರುವಾಗುವಾಗ ನಾವು ಒಬ್ಬ ಹುಡುಗ, ಮೊದಲ ದೊರೆಯ ಮಗ. ಹಿಮದ ಹಳ್ಳಿಯ ಮಕ್ಕಳು ಅವನನ್ನು ಮಾಟದ ಹುಡುಗ ಎಂದು ಹಂಗಿಸುತ್ತಾರೆ. ಸಾಮ್ರಾಜ್ಯದ ಸೈನ್ಯ ಬಂದಾಗ ಊರವರು ತಾವು ಉಳಿಯಲು ಅವನನ್ನೇ ಹೊರಗೆ ದಬ್ಬುತ್ತಾರೆ. ಮಿನಿಯನ್‌ಗಳು ಅವನನ್ನು ಕಾಪಾಡಿ ಪಾತಾಳಕ್ಕೆ ಕರೆದೊಯ್ಯುತ್ತವೆ. ಅವನು ದೊಡ್ಡವನಾಗಿ ಅದೇ ಹಳ್ಳಿಗೆ ಮರಳುತ್ತಾನೆ. ಇಲ್ಲಿ ಖಳನಿಗೆ ಒಂದು ನೋವು ಸಿಕ್ಕಿತು. ಸೂತಪುತ್ರ ಎನಿಸಿಕೊಂಡ ಕರ್ಣನನ್ನು ಕಂಡವರು, ಸಭೆಯಲ್ಲಿ ನಗೆಪಾಟಲಾದ ದುರ್ಯೋಧನನ ಕಂದಪದ್ಯ ಕೇಳಿದವರು ನಾವು. ಈ ನೋವು ಏನು ಮಾಡಬಲ್ಲದೆಂದು ನಮಗೆ ಗೊತ್ತು. ಆ ಹುಡುಗ ದೊರೆಯಾಗಿ ಊರ ಬಾಗಿಲಲ್ಲಿ ನಿಂತಾಗ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಅಲ್ಲೂ ನಾರ್ಲ್‌ನ ನಗೆಚಾಟಿಕೆಯೇ ಕೇಳಿಸುತ್ತದೆ. ಚಿಕ್ಕಪ್ಪನಿಗೆ ಬೇಸರವಾದ ಜಾಗ ಇದೇ ಎಂದು ನನಗೆ ಆಮೇಲೆ ಅರ್ಥವಾಯಿತು.

ಆದರೂ ಆ ಆಟದ ಒಂದು ಅಂಗವನ್ನು ನಾನು ಮರೆಯಲಾರೆ. ಅದರಲ್ಲಿ ಪ್ರತಿ ಮಿನಿಯನ್‌ಗೂ ಹೆಸರಿದೆ. ಸತ್ತವರಿಗೆ ಪಾತಾಳದಲ್ಲಿ ಮಸಣವಿದೆ. ಅಲ್ಲಿ ಹೆಸರು ಓದಿ, ಬೇಕಾದವರನ್ನು ಬೆಲೆ ಕೊಟ್ಟು ಎಬ್ಬಿಸಿಕೊಳ್ಳಬಹುದು. ಯುದ್ಧದ ಕಥೆಯಲ್ಲಿ ಅಕ್ಷೋಹಿಣಿ ಎಂದು ಲೆಕ್ಕದಲ್ಲಿ ಹೋಗುವವರಿಗೆ ಒಂದು ವಿಲನ್ ಆಟ ಹೆಸರಿಟ್ಟಿತು.

ಆಮೇಲಿನದ್ದು ಬೇಗ ಮುಗಿಯುವ ಕಥೆ. ಟ್ರಯಂಫ್ ತನ್ನ ಹಳೆಯ 'ಏಜ್ ಆಫ್ ವಂಡರ್ಸ್' ಸರಣಿಗೆ ಮರಳಿತು. ಕೋಡ್‌ಮಾಸ್ಟರ್ಸ್ ಕಾರ್ ರೇಸಿಂಗ್ ಕಡೆಗೇ ವಾಲಿತು. 2015ರಲ್ಲಿ ಬಂದ 'ಫೆಲೋಶಿಪ್ ಆಫ್ ಈವಿಲ್' ನಾಲ್ವರು ಕೂಡಿ ಆಡುವ ಬೇರೆಯೇ ಬಗೆಯ ಆಟ, ಮಿನಿಯನ್‌ಗಳ ದಂಡು ಅದರಲ್ಲಿ ಸೊರಗಿತ್ತು. ಹಳೆಯ ಅಭಿಮಾನಿಗಳು ಒಪ್ಪಲಿಲ್ಲ.

ಡಂಜನ್ ಕೀಪರ್‌ಗೆ ಆದದ್ದು ಇನ್ನೂ ನೋವಿನ ಸಂಗತಿ. 2014ರಲ್ಲಿ, ಬುಲ್‌ಫ್ರಾಗ್ ಅನ್ನು ಹಿಂದೆಯೇ ಕೊಂಡಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಆಟದ ಕಂಪನಿ ಅದನ್ನು ಮೊಬೈಲಿಗೆ ತಂದಿತು. ಒಂದು ಕಲ್ಲು ಅಗೆಯಲು ಗಂಟೆಗಟ್ಟಲೆ ಕಾಯಬೇಕು, ಕಾಯಲಾಗದಿದ್ದರೆ ದುಡ್ಡು ಕೊಡಬೇಕು. ಮಾಲಿನ್ಯೂ ಅವರೇ ಬೇಸರ ಹೇಳಿಕೊಂಡರು. ಅದನ್ನು ಉಚಿತ ಎಂದು ಕರೆದ ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ಅದೇ ವರ್ಷ ತೀರ್ಪು ಕೊಟ್ಟಿತು. ಮರುವರ್ಷ ಅಭಿಮಾನಿಗಳೇ ಚಂದಾ ಎತ್ತಿ ಮಾಡಿಸಿದ 'ವಾರ್ ಫಾರ್ ದಿ ಓವರ್‌ವರ್ಲ್ಡ್' ಹೊರಬಂತು. ಸಲಹೆ ಕೊಡುವ ದನಿಗೆ ರಿಚರ್ಡ್ ರೈಡಿಂಗ್ಸ್ ಅವರನ್ನೇ ಕರೆತಂದಿದ್ದರು. ಊರವರು ಚಂದಾ ಎತ್ತಿ ನಾಟಕ ಮಾಡಿಸುವ ಹಾಗೆ.

ಚಿಕ್ಕಪ್ಪನ ಪ್ರಶ್ನೆಗೆ ಸ್ವಲ್ಪ ಹತ್ತಿರ ಬಂದದ್ದು ಜರ್ಮನಿಯ ರೆಲ್ಮ್‌ಫೋರ್ಜ್ ಮಾಡಿದ 'ಡಂಜನ್ಸ್ 3'. 2017ರ ಈ ಆಟದಲ್ಲೂ ಯಜಮಾನ ಬರೀ ಒಂದು ಕೈ. ಆದರೆ ಮೇಲಿನ ಲೋಕದಲ್ಲಿ ಅವನ ಪರವಾಗಿ ದಂಡು ನಡೆಸುವ ಥಾಲ್ಯಾ ಎಂಬ ಎಲ್ಫ್ ಹೆಂಗಸಿಗೆ ಬಾಯಿದೆ. ಅವಳನ್ನು ಸಾಕಿದವನು ಒಳ್ಳೆಯವರ ಕಡೆಯ ವೀರ. ಅವಳೊಳಗೆ ಎರಡೂ ದನಿ ಕಿತ್ತಾಡುತ್ತವೆ, ಕಥೆ ಹೇಳುವವನ ಜೊತೆಗೂ ಅವಳು ಜಗಳಕ್ಕೆ ನಿಲ್ಲುತ್ತಾಳೆ. ಆ ಜಗಳ ಕೇಳಿದಾಗ ನನಗೆ ನೆನಪಾದದ್ದು ಬಯಲಾಟದಲ್ಲಿ ವೇಷಧಾರಿಯನ್ನು ಮಾತಿಗೆಳೆಯುವ ಸಾರಥಿ.

2021ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕೋಡ್‌ಮಾಸ್ಟರ್ಸ್ ಅನ್ನು ಕೊಂಡುಕೊಂಡಿತು. ಡಂಜನ್ ಕೀಪರ್ ತಂದವರೂ ಓವರ್‌ಲಾರ್ಡ್ ತಂದವರೂ ಹೀಗೆ ಒಂದೇ ಮನೆಗೆ ಸೇರಿದರು. ಹೋದ ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಚಿಕ್ಕಪ್ಪನಿಗೆ ಥಾಲ್ಯಾಳನ್ನು ತೋರಿಸಿದೆ. ಭಾಷೆ ತಿಳಿಯದಿದ್ದರೂ ಕಿವಿಗೊಟ್ಟು ಕೇಳಿದರು. ಆಮೇಲೆ ನನ್ನ ಮಗನನ್ನು ಹತ್ತಿರ ಕೂರಿಸಿಕೊಂಡು, ದುರ್ಯೋಧನ ಸಭೆಗೆ ಬರುವಾಗಿನ ಕಂದಪದ್ಯವನ್ನು ಪೂರ್ತಿಯಾಗಿ ಹಾಡಿದರು.