ಡಿಫರೆನ್ಷಿಯಲ್ ಬೇರೆ, ಕ್ರೌನ್ ಬೇರೆ

ಪಿಕಪ್ ಹಿಂದಿನಿಂದ ಗುಂಯ್ ಅಂದರೆ ಸಾಕು, 'ಡಿಫರೆನ್ಷಿಯಲ್ ಹೋಗಿದೆ' ಅಂತ ತೀರ್ಪು ಬಂದುಬಿಡುತ್ತದೆ. ಮೊನ್ನೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯ ಜಾಹೀರಾತಿನಲ್ಲಿ 'ಹೈವೇನಲ್ಲಿ ಡಿಫರೆನ್ಷಿಯಲ್ ಫುಲ್ ಸೈಲೆಂಟ್' ಅಂತ ಬೇರೆ ಬರೆದಿದ್ದರು. ನೇರ ರಸ್ತೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ ಸ್ವಾಮಿ, ಸದ್ದು ಎಲ್ಲಿಂದ ಬರಬೇಕು?

ಹಿಂದಿನ ಆಕ್ಸಲ್ ನಡುವೆ ಇರುವ ಆ ಗುಂಡು ಹೌಸಿಂಗ್ ಒಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಕಡೆಯ ಸಣ್ಣ ಗೇರು, ಅಂದರೆ ಪಿನಿಯನ್, ದೊಡ್ಡ ಗೇರಾದ ಕ್ರೌನ್ ವೀಲನ್ನು ತಿರುಗಿಸುತ್ತದೆ. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಅಂತಿಟ್ಟುಕೊಳ್ಳಿ, ಶಾಫ್ಟ್ 4.1 ಸುತ್ತು ಬಂದಾಗ ಕ್ರೌನ್ ಒಂದು ಸುತ್ತು ಬರುತ್ತದೆ. ಇದು ವೇಗ ಇಳಿಸಿ ಎಳೆತ ಹೆಚ್ಚಿಸುವ ಕೆಲಸ. ಡಿಫರೆನ್ಷಿಯಲ್ ಅನ್ನೋದು ಕ್ರೌನ್‌ಗೆ ಬೋಲ್ಟ್ ಮಾಡಿದ ಕೇಜ್ ಒಳಗಿನ ಸಣ್ಣ ಗೇರುಗಳ ಗುಂಪು, ಅಷ್ಟೇ.

ಹೆಸರಲ್ಲೇ ಡಿಫರೆನ್ಸ್ ಇದೆ, ಅಲ್ವಾ? ಎರಡು ಚಕ್ರಗಳ ವೇಗದ ವ್ಯತ್ಯಾಸವನ್ನು ಸಂಭಾಳಿಸುವುದೇ ಅದರ ಕೆಲಸ. ತಿರುವಿನಲ್ಲಿ ಕ್ರೌನ್ 100 ಸುತ್ತು ಬಂದರೆ ಒಳಗಿನ ಚಕ್ರ 90, ಹೊರಗಿನದು 110. ಇಲ್ಲಿ ಕಳೆದದ್ದು ಅಲ್ಲಿ ಸೇರುತ್ತದೆ. ನೇರ ಹೋಗುವಾಗ ಎರಡೂ 100. ಆಗ ಆ ಸಣ್ಣ ಗೇರುಗಳು ತಮ್ಮ ಪಿನ್ ಮೇಲೆ ತಿರುಗುವುದಿಲ್ಲ, ಕೇಜ್ ಜೊತೆ ಸುಮ್ನೆ ಕೂತು ಸುತ್ತುತ್ತವೆ. ತಿರುಗಿಸಿದಾಗ ಮಾತ್ರ ಕಟಕಟ ಅಂದರೆ ಅವುಗಳ ಮೇಲೆ ಅನುಮಾನಪಡಿ.

ಕೆಸರಲ್ಲಿ ಒಂದು ಚಕ್ರ ಗರಗರ ತಿರುಗಿ ಇನ್ನೊಂದು ಅಲ್ಲಾಡದೇ ನಿಂತರೂ ಇದೇ ಮಾತು, 'ಡಿಫರೆನ್ಷಿಯಲ್ ಹೋಯ್ತು'. ಎಲ್ಲಿ ಹೋಯ್ತು? ಕ್ರೌನ್ 100 ಸುತ್ತು ಬಂದರೆ ಒಂದು ಚಕ್ರ ಸೊನ್ನೆ, ಇನ್ನೊಂದು 200, ಲೆಕ್ಕ ಸರಿಯಾಗೇ ಇದೆ. ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಲಾಕ್ ಇಲ್ಲದ ಡಿಫರೆನ್ಷಿಯಲ್ ಹಾಗೇ ಮಾಡೋದು.

ಹಾಗಾದರೆ ನೇರ ರಸ್ತೆಯ ಸದ್ದು ಯಾರದು? ಆಕ್ಸಿಲರೇಟರ್ ಒತ್ತಿದಾಗ ಊಳಿಟ್ಟು ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಬಂದರೆ, ಕ್ರೌನ್ ಪಿನಿಯನ್ ಹಲ್ಲುಗಳನ್ನು ನೋಡಿ. ಒತ್ತಿದಾಗ ಹಲ್ಲಿನ ಒಂದು ಮುಖ, ಬಿಟ್ಟಾಗ ಇನ್ನೊಂದು ಮುಖ ಕೆಲಸ ಮಾಡುತ್ತದೆ. ಒತ್ತಿದರೂ ಬಿಟ್ಟರೂ ಗರ್ರ್ ಅನ್ನುತ್ತಲೇ ಇದ್ದರೆ ಬೇರಿಂಗ್ ಇರಬಹುದು. ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಳೆದಾಗ ಸದ್ದು ಏರಿಳಿದರೆ ಚಕ್ರದ ಬೇರಿಂಗ್ ಮೇಲೇ ಜಾಸ್ತಿ ಅನುಮಾನ.

ಗೇರ್ ಹಾಕಿದ ಕೂಡಲೇ ಟಕ್ ಅಂದರೂ ಪಾಪ ಹೌಸಿಂಗ್ ಬಿಚ್ಚಿಸುತ್ತಾರೆ. ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್‌ನ ಎರಡೂ ಬದಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ ನೋಡಿ. ಅಲ್ಲೇ ಸಡಿಲ ಆಟ ಸಿಕ್ಕರೆ ಕ್ರಾಸ್ ಬದಲಿಸಿದರೆ ಸಾಕಾಗಬಹುದು. ಕ್ಲಚ್ ಸರಿಯಿದ್ದು, ಗೇರಲ್ಲಿ ಶಾಫ್ಟ್ ತಿರುಗುತ್ತಿದೆ, ಗಾಡಿ ಮಾತ್ರ ಕದಲುತ್ತಿಲ್ಲ ಅಂದರೆ ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್ ಕಟ್ ಆಗಿರಬಹುದು. ಅದನ್ನೂ 'ಕ್ರೌನ್ ಕಟ್' ಅಂತ ಹೇಳಿ ದುಡ್ಡು ಕೇಳುವವರಿದ್ದಾರೆ.

ಆಯಿಲ್ ವಿಷಯದಲ್ಲಂತೂ ತಲೆ ಚಚ್ಚಿಕೊಳ್ಳಬೇಕು. ಇಂಥ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಪಿನಿಯನ್ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಇದಕ್ಕೆ ಹೈಪಾಯ್ಡ್ ಅಂತಾರೆ. ಹಲ್ಲುಗಳು ಒಂದರ ಮೇಲೊಂದು ಜಾರಿ ಉಜ್ಜುತ್ತವೆ, ಅದಕ್ಕೇ ಕಂಪನಿಗಳು ಭಾರೀ ಒತ್ತಡ ತಡೆಯುವ ಜಿಎಲ್-5 ದರ್ಜೆಯ ಆಯಿಲ್ ಹೇಳೋದು. 'ಗೇರ್ ಆಯಿಲ್ ಯಾವುದಾದ್ರೇನು' ಅಂದವರ ಮಾತು ಕೇಳಬೇಡಿ, ಮ್ಯಾನುಯಲ್ ನೋಡಿ. ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟಿನಂತೆ ತೆಳ್ಳಗೆ ಅಂಟಿದ್ದರೆ ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಬಿಚ್ಚಲೇಬೇಕು.

ಬಿಚ್ಚಿದ ಮೇಲೆ ಹಲ್ಲು ಹೋಗಿದ್ದರೆ ಕ್ರೌನ್ ಪಿನಿಯನ್ ಜೋಡಿಯಾಗಿಯೇ ಹಾಕಿಸಿ. ಅವೆರಡನ್ನೂ ಫ್ಯಾಕ್ಟರಿಯಲ್ಲೇ ಒಟ್ಟಿಗೆ ಹೊಂದಿಸಿರುತ್ತಾರೆ. ಹಳೇ ಕ್ರೌನ್‌ಗೆ ಹೊಸ ಪಿನಿಯನ್ ಕೂಡಿಸಿದರೆ ಮತ್ತೆ ಊಳಿಡುತ್ತದೆ, ಆಗಲೂ ಬೈಗುಳ ಡಿಫರೆನ್ಷಿಯಲ್‌ಗೇ.